ಬಾಡಿಗೆಗೆ ಹಿಡಿದ ಹೆಸರು

ಹಾಸನದಲ್ಲಿ ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದಿರುವ ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ಕಾಫಿ ಕುಡಿದು ಏಳುವಾಗ, "ಮೇಡಂ, ಈ ಲೈನಿಗೆ ಹೊಸದಾಗಿ ಬರೋರಿಗೆ ಒಂದಿಷ್ಟು ಟಿಪ್ಸ್ ಬರ್ಕೊಡಿ. ಅರಸೀಕೆರೆ ಕಡೆ ಮೊದಲು ಶುರು ಮಾಡಿದೋರು ನೀವೇ ಅಲ್ವಾ" ಎಂದರು. ಹೊಗಳಿಕೆಗೆ ಉಬ್ಬಿ ಹೂಂ ಎಂದುಬಿಟ್ಟೆ. ಆಮೇಲೆ ಕಾಗದ ಪೆನ್ನು ಹಿಡಿದು ಕೂತರೆ ನೆನಪಿಗೆ ಬಂದದ್ದೆಲ್ಲ ನಾನು ಮಾಡಿದ ಎಡವಟ್ಟುಗಳೇ. ಅವನ್ನೇ ಬರೆಯುತ್ತೇನೆ. ಸಂತೋಷದ ಬರಹ ಬೇಕಿದ್ದವರು ಇಲ್ಲಿಗೇ ನಿಲ್ಲಿಸಿ ಬೇರೇನಾದರೂ ಓದಿಕೊಳ್ಳಬಹುದು.

ನಾನು ಮೂಲತಃ ಟೈಪಿಂಗ್ ಟೀಚರು. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ನನ್ನ ಇನ್‌ಸ್ಟಿಟ್ಯೂಟ್ ಇತ್ತು. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ ಹುಡುಗಿಯರು ಬೆಳಿಗ್ಗೆ ಆರಕ್ಕೇ ಬಂದು ಕುಟ್ಟಲು ಕೂತರೆ, ಚಾವಣಿಯ ಸುಣ್ಣ ಮಾತ್ರೆ ಡಬ್ಬಿಗಳ ಮೇಲೆ ಉದುರುತ್ತದೆ ಎಂದು ಕೆಳಗಿನವರು ಜಗಳಕ್ಕೆ ಬರುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಆ ಸದ್ದು ತಾನಾಗಿಯೇ ನಿಂತಿತು. ಎಲ್ಲರಿಗೂ ಕಂಪ್ಯೂಟರ್ ಬೇಕಿತ್ತು. ನಾನೂ ಎರಡು ತಂದೆ. ನಲವತ್ತು ದಾಟಿದ ಮೇಲೆ ಮೌಸ್ ಹಿಡಿಯುವುದನ್ನು ಕಲಿತೆ. ಮೊದಲ ವಾರ ಅದು ಮೇಜಿನಿಂದ ಬಿದ್ದೇ ಬೀಳುತ್ತಿತ್ತು. ಆಮೇಲೆ ಫೋನಿನ ಲೈನಿಗೆ ಜೋಡಿಸಿ ಇಂಟರ್‌ನೆಟ್ ಹಾಕಿಸಿದೆ. ಸಂಪರ್ಕ ಸಿಗುವ ಮೊದಲು ಮೋಡೆಮ್ ಕೀರಲು ದನಿಯಲ್ಲಿ ಕಿರುಚುತ್ತಿತ್ತು. ಮಳೆ ಬಂದ ದಿನ ಅದೂ ಇಲ್ಲ, ಲೈನ್‌ಮ್ಯಾನ್ ದಾರಿ ನೋಡುತ್ತಾ ಕೂರಬೇಕಿತ್ತು.

ವೆಬ್‌ಸೈಟ್ ಎಂಬ ವ್ಯಾಪಾರವನ್ನು ನನ್ನ ತಲೆಗೆ ತುಂಬಿದವನು ಬೆಂಗಳೂರಿನ ಏಜೆಂಟ್ ಪ್ರಭಾಕರ. ಗಿರಾಕಿಗೆ ಬೇಕಾದ ವೆಬ್‌ಸೈಟ್ ಹೆಸರನ್ನು ಅಂಥ ಹೆಸರು ಕೊಡುವ ಕಂಪನಿಯಿಂದ ಕೊಡಿಸುವುದು, ಪುಟಗಳನ್ನು ಇಡಲು ಜಾಗ ಕೊಡಿಸುವುದು ಅವನ ಪಾಲು. ಗಿರಾಕಿ ಹಿಡಿದು ಪುಟ ಮಾಡುವುದು ನನ್ನ ಪಾಲು. ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಮಾತಾಡುವುದು ಮಾತ್ರ ದೊಡ್ಡ ಸಾಹೇಬನ ಹಾಗೆ. "ಮೇಡಂ, ಇನ್ನೈದು ವರ್ಷಕ್ಕೆ ವೆಬ್‌ಸೈಟ್ ಇಲ್ಲದ ಅಂಗಡಿ ಅಂಗಡೀನೇ ಅಲ್ಲ. ಬರೆದಿಟ್ಕೊಳ್ಳಿ" ಎನ್ನುತ್ತಿದ್ದ. ನಾನು ನಿಜವಾಗಿಯೂ ಬರೆದಿಟ್ಟುಕೊಂಡಿದ್ದೆ.

ಮೊದಲ ಗಿರಾಕಿ ಕೊಬ್ಬರಿ ಮಂಡಿಯ ರುದ್ರಪ್ಪ ಸಾಹುಕಾರರು. ನಮ್ಮಪ್ಪ ಅವರ ಮಂಡಿಯಲ್ಲಿ ಗುಮಾಸ್ತರಾಗಿದ್ದರು, ಆ ಸಲುಗೆಯಿಂದ ಹೋಗಿ ಕೇಳಿದೆ. ದೆಹಲಿ, ಜೈಪುರದ ವ್ಯಾಪಾರಿಗಳು ನಿಮ್ಮ ಉಂಡೆ ಕೊಬ್ಬರಿಯನ್ನು ಅಲ್ಲೇ ಕೂತು ನೋಡುತ್ತಾರೆ ಎಂದೆ. ಅವರಿಗೆ ಖುಷಿಯಾಯಿತು. ಖುಷಿಯಾದದ್ದೇ ತಪ್ಪಾಯಿತು. ಪುಟ ತೆರೆದ ಕೂಡಲೇ ತೀರಿಹೋದ ಅವರ ತಂದೆಯ ಫೋಟೊ ಬರಬೇಕು, ಅದಕ್ಕೆ ಹಾರ ಇರಬೇಕು, ಎರಡು ಪಕ್ಕ ದೀಪ ಅಲುಗಾಡಬೇಕು, ಹಿಂದೆ ನಾದಸ್ವರ ಕೇಳಬೇಕು. ಎಲ್ಲ ಮಾಡಿದೆ. ನಮ್ಮ ಫೋನ್ ಲೈನಿನಲ್ಲಿ ಆ ಪುಟ ಪೂರ್ತಿ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು.

ಪುಟದ ಕೆಳಗೆ ಎಷ್ಟು ಜನ ನೋಡಿದರು ಎಂದು ತೋರಿಸುವ ಅಂಕಿಯೊಂದನ್ನು ಇಟ್ಟಿದ್ದೆ. ಸಾಹುಕಾರರು ಸಂಜೆ ಮಂಡಿ ಮುಚ್ಚಿ ನನ್ನ ಇನ್‌ಸ್ಟಿಟ್ಯೂಟಿಗೆ ಬಂದು, ತಾವೇ ಮತ್ತೆ ಮತ್ತೆ ಪುಟ ತೆರೆಸಿ, ಅಂಕಿ ಏರುವುದನ್ನು ನೋಡಿ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು. ಒಂದು ವರ್ಷವಾದರೂ ಹೊರಗಿನ ಒಬ್ಬ ವ್ಯಾಪಾರಿಯೂ ಬರಲಿಲ್ಲ. "ಏನಮ್ಮಾ, ಇಷ್ಟು ಜನ ನೋಡವ್ರೆ, ಒಬ್ಬನೂ ಫೋನ್ ಮಾಡ್ಲಿಲ್ವಲ್ಲ?" ಎಂದು ಕೇಳಿದಾಗ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಫೋನ್ ನಂಬರ್ ಹಾಕಿರಲೇ ಇಲ್ಲ. ವಿಳಾಸವೂ ಇರಲಿಲ್ಲ. ರುದ್ರಪ್ಪನವರ ಮಂಡಿ ಎಲ್ಲಿದೆ ಎಂದು ಅರಸೀಕೆರೆಯಲ್ಲಿ ಯಾರೂ ಯಾರನ್ನೂ ಕೇಳಿದವರಲ್ಲ. ನನಗಾಗಲಿ ಅವರಿಗಾಗಲಿ ಅದು ಹೊಳೆದೇ ಇರಲಿಲ್ಲ. ಹಾರ, ದೀಪ, ನಾದಸ್ವರ ಎಲ್ಲ ಇತ್ತು. ಈಗ ಇದನ್ನು ಹೇಳಿದರೆ ಟಿಪ್ಸ್ ಕೇಳಿದ ಆ ಇಬ್ಬರು ಹುಡುಗಿಯರು ಬಿದ್ದುಬಿದ್ದು ನಗುತ್ತಾರೆ. ಅವರು ಮಾಡಿದ ಪುಟಗಳನ್ನು ನಾನು ನೋಡಿದ್ದೇನೆ. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಒಂದರಲ್ಲೂ ಇಲ್ಲ.

ಎರಡನೆಯ ಎಡವಟ್ಟು ಬೇಲೂರಿನ ಒಂದು ಲಾಡ್ಜಿನದು. ಅದರ ಮಾಲೀಕರು ನಂಜುಂಡಣ್ಣ, ಮೃದು ಸ್ವಭಾವದ ಮನುಷ್ಯ. ಹುಡುಕುವ ತಾಣಗಳಲ್ಲಿ ಅವರ ಲಾಡ್ಜು ಮೇಲೆ ಬರುವಂತೆ ಮಾಡಲು ಪ್ರಭಾಕರ ಒಂದು ಉಪಾಯ ಹೇಳಿಕೊಟ್ಟ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬೇಲೂರು, ಲಾಡ್ಜ್, ಅಗ್ಗದ ರೂಮು, ದೇವಸ್ಥಾನ ಎಂದು ನೂರಾರು ಸಲ ಬರೆಯುವುದು. ಓದುವವರ ಕಣ್ಣಿಗೆ ಏನೂ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತದೆ. ನಾನು ಟೈಪಿಂಗ್ ಟೀಚರಲ್ಲವೇ, ಒಂದೇ ಮಾತನ್ನು ನೂರು ಸಲ ಹೊಡೆಯುವುದು ನನಗೇನೂ ಕಷ್ಟವಲ್ಲ. ಕೆಲವು ತಿಂಗಳು ಲಾಡ್ಜು ಎಲ್ಲರಿಗಿಂತ ಮೇಲೆ ಬಂತು. ನಂಜುಂಡಣ್ಣ ಒಂದು ಬುಟ್ಟಿ ಕಿತ್ತಳೆ ಕಳಿಸಿದರು. ಆಮೇಲೆ ಒಂದು ದಿನ ಮೊದಲ ಪುಟದಲ್ಲೂ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಯಂತ್ರಕ್ಕೆ ಮೋಸ ಗೊತ್ತಾಗಿ ಪೂರಾ ತೆಗೆದುಹಾಕಿತ್ತು. "ಹೋಗ್ಲಿ ಬಿಡಿ ಮೇಡಂ, ಹೇಗೂ ಬಸ್ ಸ್ಟ್ಯಾಂಡಿನ ಎದುರಿಗಿದೀವಿ" ಎಂದರು ಅವರು. ಬೈದಿದ್ದರೆ ನಾನು ಅಂದೇ ಬುದ್ಧಿ ಕಲಿಯುತ್ತಿದ್ದೆನೇನೋ. ಆ ಇಬ್ಬರಿಗೂ ಬೇರೆ ಬದುಕಿತ್ತು. ವೆಬ್‌ಸೈಟು ಕೈಕೊಟ್ಟರೆ ಅವರಿಗೆ ಮುಖಭಂಗವಷ್ಟೇ, ಮಂಡಿ ಮುಚ್ಚುತ್ತಿರಲಿಲ್ಲ, ಲಾಡ್ಜೂ ಮುಚ್ಚುತ್ತಿರಲಿಲ್ಲ.

ಆನಂದನ ವಿಷಯ ಹಾಗಿರಲಿಲ್ಲ.

ಅವನು ಹಳೇಬೀಡಿನವನು, ದೇವಸ್ಥಾನದಲ್ಲಿ ಗೈಡು. ಇಪ್ಪತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ತಂದೆ ಬೋರಯ್ಯ ಬೌದ್ಧ ದೀಕ್ಷೆ ತೆಗೆದುಕೊಂಡವರು. ಬುದ್ಧನ ಶಿಷ್ಯನ ಹೆಸರನ್ನೇ ಮಗನಿಗೆ ಇಟ್ಟಿದ್ದರು. ಮಹಡಿ ಹತ್ತಿ ಬಂದವನು ಕುರ್ಚಿ ತೋರಿಸಿದರೂ ಕೂರದೆ ಮಾತಾಡಿದ.

"ಮೇಡಂ, ನನ್ನ ಹೆಸ್ರಲ್ಲೇ ಒಂದು ವೆಬ್‌ಸೈಟ್ ಆಗ್ಬೇಕು."

"ಲಾಡ್ಜಿನೋರು ಲಾಡ್ಜಿಗೆ ಮಾಡಿಸ್ತಾರೆ, ಮಂಡಿಯೋರು ಮಂಡಿಗೆ. ನಿನ್ನ ಹೆಸರಿಗೆ ಯಾಕಪ್ಪ?"

"ಹೆಸ್ರಿಡಿದು ಕೇಳ್ಕೊಂಡು ಬಂದ್ರೆ ಸರದಿ ಇಲ್ಲ ಮೇಡಂ" ಎಂದ.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ. ಆಗ ಅಲ್ಲಿ ಗೈಡುಗಳು ಗೇಟಿನ ಹತ್ತಿರ ಸರದಿಯಲ್ಲಿ ನಿಲ್ಲುತ್ತಿದ್ದರು. ಬಂದ ಗುಂಪು ಸರದಿಯಲ್ಲಿ ಮುಂದಿದ್ದವನಿಗೆ. ಆನಂದನ ಸರದಿ ಬಂದಾಗ ಮಾತ್ರ ಏನಾದರೊಂದು ಆಗುತ್ತಿತ್ತು. ದೊಡ್ಡ ಗುಂಪು ಕಂಡರೆ 'ಇವರು ನಮ್ಮ ಪರಿಚಯದೋರು' ಎಂದು ಯಾರಾದರೂ ಮುಂದೆ ನುಗ್ಗುತ್ತಿದ್ದರು. ಹತ್ತಿರದ ಗೆಂಡೆಹಳ್ಳಿ, ಹಗರೆ ಕಡೆಯವರು ಬಂದರೆ 'ನೀನು ಯಾರ ಪೈಕಿ?' ಎಂದು ಕೇಳಿ, ಉತ್ತರ ಕಿವಿಗೆ ಬಿದ್ದ ಮೇಲೆ 'ನಾವೇ ನೋಡ್ಕತೀವಿ ಬುಡು' ಎಂದು ನಡೆದುಬಿಡುತ್ತಿದ್ದರು. ಆದರೆ ಬಂದವರೇ ಗೈಡಿನ ಹೆಸರು ಹೇಳಿ ಇವನೇ ಬೇಕು ಎಂದರೆ ಸರದಿ ಲೆಕ್ಕಕ್ಕಿಲ್ಲ. ಅದಕ್ಕೆ ಯಾರೂ ತಕರಾರು ಮಾಡುವಂತಿರಲಿಲ್ಲ. ಅವರವರಲ್ಲೇ ನಡೆದುಕೊಂಡು ಬಂದ ಪದ್ಧತಿ ಅದು. ಹತ್ತಿರದವರು ಯಾರೂ ಆನಂದನ ಹೆಸರು ಹಿಡಿದು ಕೇಳುವುದಿಲ್ಲ, ದೂರದವರಾದರೂ ಕೇಳಲಿ ಎಂಬುದು ಅವನ ಆಸೆ. ಅವನ ಅನ್ನ ಅದರ ಮೇಲೆ ನಿಂತಿತ್ತು, ಮರ್ಯಾದೆಯೂ ಅದರ ಮೇಲೆಯೇ ನಿಂತಿತ್ತು.

ಅವನ ಹೆಸರು, ಅದರ ಹಿಂದೆ ಹಳೇಬೀಡು, ಆಮೇಲೆ ಡಾಟ್ ಕಾಮ್. ಹೀಗೆ ಹೆಸರು ಕೊಡಿಸಿದೆ. ಕೊಡಿಸಿದೆ ಎನ್ನುವುದು ಬಾಯಿಮಾತು. ಆ ಹೆಸರುಗಳು ಯಾರ ಸ್ವಂತದವೂ ಅಲ್ಲ, ವರ್ಷ ವರ್ಷಕ್ಕೆ ಬಾಡಿಗೆಗೆ ಹಿಡಿಯುವಂಥವು. ಅವಧಿ ಮುಗಿದರೆ ಕಂಪನಿಯವರು ಕೆಲವು ದಿನ ಕಾಯುತ್ತಾರೆ, ಆಮೇಲೆ ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಇದನ್ನು ಗಿರಾಕಿಗಳಿಗೆ ಸರಿಯಾಗಿ ಬಿಡಿಸಿ ಹೇಳಬೇಕಿತ್ತು. ನಾನು ಹೇಳುತ್ತಿರಲಿಲ್ಲ. ಯಾರಿಗೂ ಇ-ಮೇಲ್ ಇಲ್ಲದ ಕಾಲ, ಅದಕ್ಕೇ ಎಲ್ಲರ ಹೆಸರನ್ನೂ ನನ್ನ ಹೆಸರಿನಲ್ಲೇ, ನನ್ನದೊಂದು ಇ-ಮೇಲ್ ವಿಳಾಸ ಕೊಟ್ಟೇ ತೆಗೆದಿದ್ದೆ. ಟಿಪ್ಸ್ ಬೇಕೆಂದಿರಲ್ಲ, ಇದೊಂದನ್ನು ಗೋಡೆಗೆ ಅಂಟಿಸಿಕೊಳ್ಳಿ. ಗಿರಾಕಿಯ ಹೆಸರು ಗಿರಾಕಿಯ ಕೈಯಲ್ಲೇ ಇರಲಿ, ಅವನಿಗೆ ಓದಲು ಬರದಿದ್ದರೂ ಸರಿ.

ಆನಂದನ ಪುಟ ನೋಡಿ ಜನ ಬರೆದ ಇ-ಮೇಲ್ ಕಾಗದಗಳು ಬೇರೊಂದು ವಿಳಾಸದ ಮೂಲಕ ನನ್ನ ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದವು. ನಾನು ಪ್ರಿಂಟ್ ತೆಗೆದು, ಕವರಿಗೆ ಹಾಕಿ, ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ಹಳೇಬೀಡಿನ ಸ್ಟ್ಯಾಂಡಿನಲ್ಲಿ ಆನಂದ ಕಾದು ನಿಂತು ಇಸಿದುಕೊಳ್ಳುತ್ತಿದ್ದ. ಮರುದಿನ ಉತ್ತರ ಅದೇ ಬಸ್ಸಿನಲ್ಲಿ ಬರುತ್ತಿತ್ತು, ಸಾಲು ಹೊಡೆದ ನೋಟ್‌ಬುಕ್ ಹಾಳೆಯಲ್ಲಿ. ನಾನು ಟೈಪ್ ಮಾಡಿ ಕಳಿಸುತ್ತಿದ್ದೆ. ಫ್ರಾನ್ಸಿನಿಂದ ಅರಸೀಕೆರೆಗೆ ಕ್ಷಣದಲ್ಲಿ ಬಂದ ಕಾಗದ ಅಲ್ಲಿಂದ ಹಳೇಬೀಡು ಮುಟ್ಟಲು ಅರ್ಧ ದಿನ ತೆಗೆದುಕೊಳ್ಳುತ್ತಿತ್ತು. "ಏನ್ ಮೇಡಂ, ಫಾರಿನ್ನೋರು ಕಾದಿರ್ತಾರೆ, ಸ್ವಲ್ಪ ಸ್ಪೀಡಾಗಿ ಹೋಗ್ಲಾ?" ಎಂದು ಡ್ರೈವರ್ ತಮಾಷೆ ಮಾಡುತ್ತಿದ್ದ.

ಬ್ಲಾಗ್ ಎನ್ನುವುದು ಬಂದ ಮೇಲೆ, ವಾರಕ್ಕೊಂದು ಬರೆಯೋ ಎಂದು ನಾನೇ ಅವನ ಬೆನ್ನು ಹತ್ತಿದೆ. ಅವನು ಕನ್ನಡದಲ್ಲಿ ಬರೆದದ್ದನ್ನು ಇಬ್ಬರೂ ಕೂತು ಇಂಗ್ಲಿಷಿಗೆ ಮಾಡುತ್ತಿದ್ದೆವು. ಒಂದು ಬರಹ ಇನ್ನೂ ನೆನಪಿದೆ. 'ಗೋಡೆಯ ಕೆಳಸಾಲಿನ ಆನೆಗಳನ್ನು ಎಲ್ಲರೂ ಎಣಿಸಲು ಹೋಗುತ್ತಾರೆ. ಎಣಿಸಬೇಡಿ. ಒಂದೇ ಆನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಕಣ್ಣು ನೋಡಿ. ಆಮೇಲೆ ಪಕ್ಕದ್ದರ ಕಣ್ಣು ನೋಡಿ. ಎರಡನ್ನೂ ಒಬ್ಬನೇ ಕೆತ್ತಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ.' ನನ್ನ ಇಡೀ ವೃತ್ತಿಯಲ್ಲಿ ನಾನು ಟೈಪ್ ಮಾಡಿದ ಅತ್ಯಂತ ಒಳ್ಳೆಯ ಐದು ಸಾಲು ಅವು. ಯಾವ ಉಪಾಯವೂ ಬೇಕಾಗಲಿಲ್ಲ, ಬಿಳಿ ಅಕ್ಷರವೂ ಬೇಕಾಗಲಿಲ್ಲ. ಜನ ಓದಿದರು, ಇನ್ನೊಬ್ಬರಿಗೆ ಹೇಳಿದರು, ತಮ್ಮ ಪುಟಗಳಲ್ಲಿ ಅವನ ವಿಳಾಸ ಹಾಕಿಕೊಂಡರು. ಪ್ರವಾಸಿಗರ ಪುಸ್ತಕವೊಂದರಲ್ಲಿ ಅವನ ಹೆಸರೂ ವೆಬ್‌ಸೈಟೂ ಅಚ್ಚಾಯಿತು. ಗೇಟಿನಲ್ಲಿ ಹಿಂದೆ ಅವನನ್ನು ತಳ್ಳಿ ನುಗ್ಗುತ್ತಿದ್ದವರೇ, "ಲೋ ಆನಂದ, ನಿನ್ನೇ ಕೇಳ್ಕಂಡು ಬಂದವ್ರೆ ನೋಡ್ಲಾ" ಎಂದು ಕೂಗಿ ಕರೆಯುವಂತಾಯಿತು. ಆ ಮೂರು ವರ್ಷ ನನಗೂ ನನ್ನ ಕೆಲಸದ ಬಗ್ಗೆ ಹೆಮ್ಮೆ ಇತ್ತು. ಮುಂದೆ ಎಂದೂ ಇರಲಿಲ್ಲ.

ಅವಧಿ ಮುಗಿಯುವ ಮೊದಲು ಫೋನ್ ಮಾಡಿ ನೆನಪಿಸುತ್ತಿದ್ದವನು ಪ್ರಭಾಕರ. ಅವನು ಮನೆ ಸೈಟು, ಲೇಔಟಿನ ವ್ಯಾಪಾರಕ್ಕೆ ಇಳಿದು ನನ್ನ ಫೋನು ಎತ್ತುವುದನ್ನೇ ಬಿಟ್ಟಿದ್ದ. ಕಂಪನಿಯವರು ಕಳಿಸಿದ ಸೂಚನೆಗಳು ಹೆಸರು ತೆಗೆಯುವಾಗ ಕೊಟ್ಟಿದ್ದ ನನ್ನ ಹಳೆಯ ಇ-ಮೇಲಿಗೆ ಬಂದು ಬಿದ್ದಿದ್ದವು. ಅದರಲ್ಲಿ ಬರೀ ಕಸ ತುಂಬುತ್ತದೆಂದು ನಾನು ತೆರೆದು ನೋಡಿಯೇ ಎಷ್ಟೋ ತಿಂಗಳಾಗಿತ್ತು. ಒಂದು ತಿಂಗಳಿಂದ ಆನಂದನಿಗೆ ಕಾಗದಗಳು ಬಂದಿರಲಿಲ್ಲ. ಮಳೆಗಾಲವಲ್ಲವೇ, ಪ್ರವಾಸಿಗರು ಕಡಿಮೆ ಎಂದುಕೊಂಡು ಸುಮ್ಮನಿದ್ದೆ. ಪಿತೃಪಕ್ಷ ಶುರುವಾದ ಎರಡನೆಯ ದಿನ ಅವನೇ ಬಂದ.

"ಮೇಡಂ, ವೆಬ್‌ಸೈಟ್ ಓಪನ್ನೇ ಆಗ್ತಿಲ್ವಂತೆ. ಮೈಸೂರಿಂದ ಬಂದೋರು ಹೇಳಿದ್ರು."

ತೆರೆದು ನೋಡಿದೆ. ಅವಧಿ ಮುಗಿದಿದೆ ಎಂಬ ಸೂಚನೆ ಮಾತ್ರ ಬಂತು. ಕಂಪನಿಯವರು ಇನ್ನೂ ಕೆಲವು ವಾರ ಕಾಯುತ್ತಾರೆ ಎಂದು ಎಲ್ಲೋ ಓದಿದ ನೆನಪಿತ್ತು. ಪ್ರಭಾಕರನಿಲ್ಲದೆ ನಾನೇ ನೇರವಾಗಿ ಕಂಪನಿಯಲ್ಲಿ ಹೊಸ ಖಾತೆ ತೆರೆಯಬೇಕಿತ್ತು. ಕೂತರೆ ಒಂದು ಗಂಟೆಯ ಕೆಲಸ.

"ಗಾಬರಿ ಏನಿಲ್ಲ. ಅಮಾವಾಸ್ಯೆ ಕಳೀಲಿ, ಮಾರನೇ ದಿನವೇ ಮಾಡ್ತೀನಿ" ಎಂದೆ.

"ಯಾಕ್ ಮೇಡಂ, ಇವತ್ತೇ ಆಗಾಕಿಲ್ವಾ?"

"ಪಕ್ಷ ಅಲ್ವೇನೋ. ಹೊಸ ಖಾತೆ ತೆರೀಬೇಕು. ಈ ಹದಿನೈದು ದಿನ ಹೊಸದಕ್ಕೆ ನಾನು ಕೈ ಹಾಕಲ್ಲ."

ಅವನು ಬಹಳ ಮೆಲ್ಲಗೆ ಹೇಳಿದ. "ನಮ್ಮನೇಲಿ ಪಕ್ಷ ಇಲ್ಲ ಮೇಡಂ. ಅಪ್ಪ ದೀಕ್ಷೆ ತಗೊಂಡ್ಮ್ಯಾಲೆ ಎಡೆ ಇಕ್ಕೋದು ಬಿಟ್ಟವ್ರೆ. ಮತ್ತೆ ಇದು ಹೊಸದೂ ಅಲ್ವಲ್ಲ, ಇರೋ ಹೆಸ್ರನ್ನೇ ಮುಂದುವರ್ಸೋದು."

"ನಿನಗಿಲ್ಲದಿದ್ರೆ ನನಗಿದೆಯಲ್ಲಪ್ಪ. ಮಾಡೋಳು ನಾನು ತಾನೆ?"

"ಆಯ್ತು ಮೇಡಂ. ನೀವು ಹೇಳ್ದಂಗೆ" ಎಂದು ಮಹಡಿ ಇಳಿದು ಹೋದ.

ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ನಾನೇನು ಅಂಥ ದೊಡ್ಡ ಆಚಾರದವಳಲ್ಲ. ನಮ್ಮಪ್ಪ ಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳುತ್ತಿರಲಿಲ್ಲ, ಹೊಸ ಪುಸ್ತಕ ಬಿಚ್ಚುತ್ತಿರಲಿಲ್ಲ, ಮಂಡಿಯಲ್ಲಿ ಹೊಸ ಪೆನ್ನಿಗೆ ಇಂಕೂ ತುಂಬುತ್ತಿರಲಿಲ್ಲ. ಅದು ನನ್ನ ಕೈಗೆ ಅಭ್ಯಾಸವಾಗಿ ಬಂದಿತ್ತು. ಅದೇ ಹದಿನೈದು ದಿನ ಕರೆಂಟ್ ಬಿಲ್ಲು ಕಟ್ಟಿದೆ, ಹುಡುಗಿಯರಿಗೆ ಪಾಠ ಮಾಡಿದೆ, ಸಾಹುಕಾರರ ಪುಟದಲ್ಲಿ ಅಂಕಿ ನೋಡಿದೆ. ಇದೊಂದು ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಿದೆ. ಕೇಳಿದವರು ರುದ್ರಪ್ಪ ಸಾಹುಕಾರರಾಗಿದ್ದು, 'ನಮ್ಮನೇಲಿ ಪಕ್ಷ ಇಲ್ಲಮ್ಮ, ಇವತ್ತೇ ಮಾಡು' ಎಂದಿದ್ದರೆ ನಾನು ಅವತ್ತೇ ಕೂತು ಮಾಡುತ್ತಿದ್ದೆ. ಇದು ನನಗೆ ಚೆನ್ನಾಗಿ ಗೊತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಮಾವಾಸ್ಯೆಯ ಮಾರನೆಯ ದಿನ, ಇನ್‌ಸ್ಟಿಟ್ಯೂಟಿನಲ್ಲಿ ಆರೇಳು ಹುಡುಗಿಯರು ಅಭ್ಯಾಸ ಮಾಡುತ್ತಿರುವಾಗ, ಆನಂದನ ವಿಳಾಸ ಹೊಡೆದು ತೆರೆದೆ. ನಮ್ಮ ಲೈನಿನಲ್ಲಿ ಚಿತ್ರಗಳು ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೊದಲು ಒಂದು ಕೆಂಪು ಪಟ್ಟಿ ಬಂತು. ಆಮೇಲೆ ಯಾವುದೋ ಹೆಂಗಸಿನ ಕೂದಲು, ಹಣೆ, ಭುಜ. ಭುಜದ ಮೇಲೆ ಬಟ್ಟೆ ಇರಲಿಲ್ಲ. ಮುಂದಿನದು ಬಿಚ್ಚಿಕೊಳ್ಳುವ ಮೊದಲು ನಾನು ಮಾನಿಟರಿನ ಸ್ವಿಚ್ಚು ಆರಿಸಿದೆ. ಆನಂದನ ಹೆಸರನ್ನು ಹೊಲಸು ಚಿತ್ರಗಳ ವ್ಯಾಪಾರಿ ಯಾರೋ ತೆಗೆದುಕೊಂಡುಬಿಟ್ಟಿದ್ದ. ಜನ ಹೆಚ್ಚು ಬರುವ ಹೆಸರುಗಳನ್ನು ಹೊಂಚು ಹಾಕಿ ಹಿಡಿಯುವವರಿದ್ದಾರೆ ಎಂದು ನನಗೆ ತಿಳಿದದ್ದು ಆಮೇಲೆ. ಮೂರು ವರ್ಷ ಅವನು ಬರೆದು ಬರೆದು ಕೂಡಿಸಿದ ಜನವೇ ಆ ಹೆಸರಿಗೆ ಬೆಲೆ ತಂದಿದ್ದರು.

ಹೇಗೋ ಪ್ರಭಾಕರನನ್ನು ಫೋನಿನಲ್ಲಿ ಹಿಡಿದೆ. "ಹೋಯ್ತಲ್ಲ ಮೇಡಂ. ಹೊರದೇಶದೋರು ತಗೊಂಡಿದಾರೆ, ವಾಪಸ್ ಬರಲ್ಲ. ಡಾಟ್ ನೆಟ್ ಖಾಲಿ ಇದೆ, ಅದನ್ನ ತಗೊಂಡುಬಿಡಿ" ಎಂದ. ಸಿನಿಮಾ ಟಿಕೆಟ್ಟು ಸಿಗದಿದ್ದರೆ ಪಕ್ಕದ ಟಾಕೀಸಿಗೆ ಹೋಗಿ ಎನ್ನುವ ಧಾಟಿಯಲ್ಲಿ ಹೇಳಿದ. "ಕೋರ್ಟಿಗೆ ಹೋಗಬಹುದಾ?" ಎಂದು ಕೇಳಿದೆ. ನಕ್ಕ.

ಆನಂದನಿಗೆ ಎದುರು ನಿಂತು ಹೇಳುವ ಧೈರ್ಯ ನನಗೆ ಬರಲಿಲ್ಲ. ಕೆಲವು ದಿನ ತಡಮಾಡಿ ಒಂದು ಕಾಗದ ಟೈಪ್ ಮಾಡಿ ಬಸ್ಸಿನವನ ಕೈಗೆ ಕೊಟ್ಟೆ. ಅದು ತಲುಪುವ ಮೊದಲೇ ಅವನಿಗೆ ಗೊತ್ತಾಗಿತ್ತು. ವರ್ಷ ವರ್ಷ ಮಕ್ಕಳನ್ನು ಕರೆದುಕೊಂಡು ಬಂದು ಅವನನ್ನೇ ಕೇಳುತ್ತಿದ್ದ ಶಾಲೆಯೊಂದರ ಟೀಚರು, ಪ್ರವಾಸಕ್ಕೆ ಮೊದಲು ಅವನ ಬರಹ ತೋರಿಸೋಣವೆಂದು ಶಾಲೆಯ ಕಂಪ್ಯೂಟರಿನಲ್ಲಿ, ಮಕ್ಕಳ ಎದುರಿಗೇ ಆ ವಿಳಾಸ ತೆರೆದಿದ್ದರು. ಪ್ರವಾಸಕ್ಕೆ ಬಂದ ದಿನ ಗೇಟಿನಲ್ಲಿ, ಎಲ್ಲ ಗೈಡುಗಳ ಮುಂದೆ, "ನಿಮ್ಮಂಥೋರನ್ನ ನಂಬಿ ಮಕ್ಕಳನ್ನ ಬಿಡ್ತಿದ್ವಲ್ಲ" ಎಂದು ಬೈದು ಬೇರೆ ಗೈಡನ್ನು ಕರೆದುಕೊಂಡು ಒಳಗೆ ಹೋದರಂತೆ. ವಿಷಯ ಊರೆಲ್ಲ ಹರಡಲು ಒಂದು ಸಂಜೆ ಸಾಕಾಯಿತು. ಹೆಸರು ಬಾಡಿಗೆಯದು, ಅವಧಿ ಮುಗಿದರೆ ಬೇರೆಯವರ ಪಾಲಾಗುತ್ತದೆ ಎಂದು ಯಾರಿಗೆ ಬಿಡಿಸಿ ಹೇಳುವುದು? ಅವನ ಹೆಸರಿದೆ, ಅವನ ಊರಿದೆ, ಅದರಲ್ಲಿ ಹೊಲಸಿದೆ. ಅವನೇ ಇಟ್ಟಿದ್ದಾನೆ ಎಂದು ಜನ ತೀರ್ಮಾನಿಸಿದರು. ಕಾಸಿಗೆ ಮಾರಿಕೊಂಡ ಎಂದವರೂ ಇದ್ದರು.

ಡಾಟ್ ನೆಟ್ಟಿನಲ್ಲಿ ಹೊಸದಾಗಿ ಮಾಡಿದೆ, ಹಳೆಯ ಬರಹಗಳನ್ನೆಲ್ಲ ಹಾಕಿದೆ. ಯಾರೂ ಬರಲಿಲ್ಲ. ಅಚ್ಚಾದ ಪುಸ್ತಕವೂ, ಇತರರ ಪುಟಗಳೂ ಜನರನ್ನು ಹಳೆಯ ವಿಳಾಸಕ್ಕೇ ಕಳಿಸುತ್ತಿದ್ದವು. ವಿಳಾಸ ಬದಲಿಸಿ ಎಂದು ಕಂಡಕಂಡವರಿಗೆಲ್ಲ ಬರೆದೆ. ಕೆಲವರು ಬದಲಿಸಿದರು, ಹೆಚ್ಚಿನವರು ಉತ್ತರವನ್ನೇ ಬರೆಯಲಿಲ್ಲ. ಎರಡು ಸಲ ಹಳೇಬೀಡಿಗೆ ಬಂದುಹೋಗಿದ್ದ ವಿದೇಶಿ ಹೆಂಗಸೊಬ್ಬರು ಮಾತ್ರ ಒಂದೇ ಸಾಲು ಬರೆದರು. ಆನಂದ, ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದು. ಅದನ್ನೂ ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸಿದೆ. ಯಾಕೆ ಕಳಿಸಿದೆನೋ! ಅದಕ್ಕೆ ಉತ್ತರ ಬರಲಿಲ್ಲ, ಮುಂದೆ ನೋಟ್‌ಬುಕ್ ಹಾಳೆಯೂ ಬರಲಿಲ್ಲ. ಆನಂದ ಸರದಿಯ ಕೊನೆಗೆ ಹೋಗಿ ನಿಂತ.

ಉಳಿದದ್ದು ಹೇಳಲು ಹೆಚ್ಚೇನಿಲ್ಲ. ಕೈಗೆ ಕೈಗೆ ಮೊಬೈಲ್ ಬಂತು, ಇಂಟರ್‌ನೆಟ್ ನೋಡಲು ನನ್ನಲ್ಲಿಗೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅಂಗಡಿಯವರು ತಮ್ಮ ಪುಟವನ್ನು ತಾವೇ ಬಿಟ್ಟಿಯಾಗಿ ಮಾಡಿಕೊಳ್ಳಬಹುದು ಎಂದಾಯಿತು. ನಂಜುಂಡಣ್ಣ ಲಾಡ್ಜು ಮಾರಿದರು, ಸಾಹುಕಾರರು ತೀರಿಕೊಂಡರು. ನಾನು ಇನ್‌ಸ್ಟಿಟ್ಯೂಟಿನ ಬೋರ್ಡು ಇಳಿಸಿದೆ. ಒಬ್ಬ ದರ್ಜಿ ಸತ್ತರೆ ಅವನು ಹೊಲಿದ ಅಂಗಿಯಾದರೂ ಯಾರ ಮೈಮೇಲಾದರೂ ಇರುತ್ತದೆ. ನಾನು ಮಾಡಿದ ಪುಟಗಳಲ್ಲಿ ಇವತ್ತು ಒಂದೂ ಇಲ್ಲ. ಹತ್ತು ವರ್ಷದ ಕೆಲಸವನ್ನು ತೋರಿಸು ಎಂದರೆ ನನ್ನಲ್ಲಿ ತೋರಿಸಲು ಏನೂ ಇಲ್ಲ, ಆ ಒಂದು ಹೊಲಸು ವಿಳಾಸ ಬಿಟ್ಟರೆ.

ಬೋರ್ಡು ಇಳಿಸಿದ ಮೇಲೆ ಒಂದು ದಿನ ಹಳೇಬೀಡಿಗೆ ಹೋದೆ. ಅವನ ಆನೆಗಳ ಬಗ್ಗೆ ಅಷ್ಟೆಲ್ಲ ಟೈಪ್ ಮಾಡಿದವಳು ಒಂದು ದಿನವೂ ಅವನ ಜೊತೆ ದೇವಸ್ಥಾನ ನೋಡಿರಲಿಲ್ಲ. ಗೇಟಿನ ಹತ್ತಿರ ಮರದ ಕೆಳಗೆ ನಿಂತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಶರ್ಟು ಆಗಿನ ಹಾಗೇ ಇಸ್ತ್ರಿ.

"ಆನಂದ, ನನಗೆ ದೇವಸ್ಥಾನ ತೋರಿಸ್ತೀಯೇನಪ್ಪ?" ಎಂದೆ.

"ಬನ್ನಿ ಮೇಡಂ" ಎಂದ. ಬೇರೇನೂ ಕೇಳಲಿಲ್ಲ.

ಎರಡು ಗಂಟೆ ತೋರಿಸಿದ. ಅವಸರವಿಲ್ಲ, ಮುಖದಲ್ಲಿ ಕಹಿಯಿಲ್ಲ. ಆನೆಗಳ ಸಾಲಿನ ಮುಂದೆ ನಾನು ಕುಕ್ಕರುಗಾಲಿನಲ್ಲಿ ಕೂರಲಾರದೆ ನೆಲದ ಮೇಲೇ ಕೂತೆ. ಅವನು ಪಕ್ಕದಲ್ಲಿ ಕೂತು ಎರಡು ಆನೆಗಳ ಕಣ್ಣು ತೋರಿಸಿದ. ಕ್ಷಮಿಸು ಎನ್ನಲು ನಾಲ್ಕು ಸಲ ಬಾಯಿ ತೆರೆದೆ. ಪ್ರತಿ ಸಲವೂ ಅವನು ಮುಂದಿನ ವಿಗ್ರಹಕ್ಕೆ ಹೋದ. ಬೇಕೆಂದೇ ಹೋದನೆಂದು ನನಗೆ ಅನ್ನಿಸಿತು. ಎಲ್ಲ ಮುಗಿದು ಹುಲ್ಲಿನ ಮೇಲೆ ಕೂತಾಗ, ಮನೆಯ ಕಡೆ ಹೇಗಿದ್ದಾರೆ ಎಂದು ಕೇಳಿದೆ.

"ಚೆನ್ನಾಗವ್ರೆ. ಮಗ್ಳು ನಾಲ್ಕನೇ ಕ್ಲಾಸು. ಸ್ಕೂಲಿಗೆ ಕಂಪ್ಯೂಟರ್ ತಂದು ಇಕ್ಕವ್ರೆ ಮೇಡಂ, ದಿನಾ ಅದ್ರದ್ದೇ ಮಾತು ಅವ್ಳಿಗೆ. ಏನ್ ಹೊಡುದ್ರೂ ಬತ್ತದಂತೆ."

"ಒಳ್ಳೇದಾಯ್ತಲ್ಲ" ಎಂದೆ.

"ಹೂಂ. ಏನ್ ಬೇಕಾದ್ರೂ ಹೊಡ್ದು ನೋಡವ್ವ, ಅಪ್ಪನ ಹೆಸ್ರು ಮಾತ್ರ ಹೊಡೀಬ್ಯಾಡ ಅಂತ ಹೇಳಿವ್ನಿ."

"ಯಾಕೆ ಅಂತ ಕೇಳಲಿಲ್ವಾ?" ಎಂದೆ.

"ಕೇಳ್ಲಿಲ್ಲ ಮೇಡಂ. ಅಪ್ಪ ಏನೋ ತಪ್ಪು ಮಾಡವ್ರೆ ಅಂತ ಅವ್ಳೇ ಅನ್ಕೊಂಡವ್ಳೆ."

ತಪ್ಪು ಮಾಡಿದವಳು ನಾನು ಎಂದು ಆ ಮಗುವಿಗೆ ಹೋಗಿ ಹೇಳಬೇಕಿತ್ತು. ಶಾಲೆ ಬಿಡುವ ಹೊತ್ತಾಗಿತ್ತು, ಅವರ ಮನೆ ಗೇಟಿನಿಂದ ಐದು ನಿಮಿಷದ ದಾರಿ. ನಾನು ಹೋಗಲಿಲ್ಲ.